ಸಿಗ್ನಲ್‌ನಲ್ಲಿ ನಡುಗುತ್ತಿದ್ದ ಪದ್ಮಿನಿ

ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ನಮ್ಮ ಪದ್ಮಿನಿ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಮನೆಯಿಂದ ಹೊರಟು ಮೈಸೂರಿನ ರಾಮಸ್ವಾಮಿ ಸರ್ಕಲ್ ಮುಟ್ಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿರುತ್ತಿತ್ತು. ಅಲ್ಲಿ ಕೆಂಪು ದೀಪ ಬಿತ್ತು ಅಂದರೆ ಕಾಟ ಶುರು. ಮೊದಲು ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿ ನಡುಗುವುದು, ಆಮೇಲೆ ಡ್ಯಾಶ್‌ಬೋರ್ಡ್, ಆಮೇಲೆ ಬಾಗಿಲ ಗಾಜು. ಚಾರ್ಜಿಂಗ್ ದೀಪ ಮಿಣುಕುವುದು. ಎರಡು ಸಲ ದಡ್ ದಡ್ ಎಂದು ಒದ್ದುಕೊಂಡು ಇಂಜಿನ್ ನಿಂತೇ ಹೋಗುವುದು. ಓಡುವಾಗ ಏನೂ ಇಲ್ಲ, 60ರ ವೇಗದಲ್ಲಿ ಹಾಯಾಗಿ ಹೋಗುತ್ತಿತ್ತು. ನಿಂತರೆ ಮಾತ್ರ ಕಾಟ.

ಪ್ರತಿ ಶುಕ್ರವಾರ ಅಮ್ಮನನ್ನು ಇದೇ ಗಾಡಿಯಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಒಂದು ದಿನ ಅವರು ಎದುರಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ನಿಮ್ಮಪ್ಪ ಇದ್ದಾಗ ಇದು ಹೀಗೆ ನಡುಗ್ತಿರಲಿಲ್ಲ ಕಣೋ" ಅಂದರು. ದೂರಿಗಾಗಿ ಹೇಳಿದ ಮಾತಲ್ಲ ಅದು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಬುಕ್ ಮಾಡಿ, ಕಾದು, ಅಪ್ಪ ಮನೆಗೆ ತಂದ ಮೊದಲ ಕಾರು. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಮುಂಬೈಯ ಕುರ್ಲಾ ಕಾರ್ಖಾನೆಯಲ್ಲಿ ಶುರುವಾದ ಗಾಡಿಗೆ 1974ರಿಂದ ಪದ್ಮಿನಿ ಎಂಬ ಹೆಸರು. ನಾಲ್ಕು ಸಿಲಿಂಡರ್, 1089 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಒಂದು ಕಾರ್ಬೊರೇಟರ್, ಪ್ಲಗ್‌ಗಳಿಗೆ ಕರೆಂಟು ಹಂಚುವ ಒಂದು ಡಿಸ್ಟ್ರಿಬ್ಯೂಟರ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಇಷ್ಟು ಸರಳವಾದ ಇಂಜಿನ್ನಿನ ಒಂದು ನಡುಕ ಒಂದೂವರೆ ವರ್ಷ ಯಾರ ಕೈಗೂ ಸಿಗಲಿಲ್ಲ.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಹುಡುಗ ಸ್ಕ್ರೂಡ್ರೈವರ್ ತಂದು ನಿಂತಾಗಿನ ಇಂಜಿನ್ ವೇಗ ಹೊಂದಿಸುವ ಸ್ಲೋ ಸ್ಕ್ರೂ ಎರಡು ಸುತ್ತು ಒಳಗೆ ತಿರುಗಿಸಿದ. ಇಂಜಿನ್ ಜೋರಾಗಿ ಓಡತೊಡಗಿತು, ನಡುಕ ಮುಚ್ಚಿಹೋಯಿತು. ಎರಡು ವಾರಕ್ಕೆ ಮತ್ತೆ ಅದೇ. ಎರಡನೆಯ ಕಡೆ ಕಾರ್ಬೊರೇಟರ್ ಬಿಚ್ಚಿ ಹೊಸ ಕಿಟ್ ಹಾಕಿದರು, ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಹೊರಗೆ ಎಳೆದರು, ಬುಡದ ನಟ್‌ಗಳನ್ನು ಉದ್ದ ಪಾನಾದಲ್ಲಿ ಹಲ್ಲು ಕಚ್ಚಿ ಬಿಗಿದರು. ಈ ಬಿಗಿತದ ವಿಷಯಕ್ಕೆ ಮುಂದೆ ಬರುತ್ತೇನೆ. ಮೂರನೆಯ ಕಡೆ "ಹಳೇ ಗಾಡಿ ಸಾರ್, ಇದರ ಜಾತಿಯೇ ಹಾಗೆ" ಅಂದರು. ಆ ಮಾತು ನನಗೆ ಹಿಡಿಸಲಿಲ್ಲ. ಇದೇ ಗಾಡಿ ಸ್ಟಾರ್ಟ್‌ನಲ್ಲಿರುವಾಗಲೇ ಅಪ್ಪ ಬಾನೆಟ್ ಮೇಲೆ ಕಾಫಿ ಲೋಟ ಇಟ್ಟುಕೊಂಡು ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಕೊನೆಗೆ ಮಂಡಿ ಮೊಹಲ್ಲಾ ಕಡೆ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ಎಪ್ಪತ್ತು ದಾಟಿದ ವಯಸ್ಸು. ಈಗ ಗ್ಯಾರೇಜ್ ಇಲ್ಲ, ಮನೆಯ ಮುಂದಿನ ಜಗಲಿಯಲ್ಲಿ ಒಂದು ಪೆಟ್ಟಿಗೆ ಪಾನಾ ಇಟ್ಟುಕೊಂಡಿದ್ದಾರೆ. ಬಾನೆಟ್ ಎತ್ತಿ ಐದು ನಿಮಿಷ ಏನನ್ನೂ ಮುಟ್ಟದೆ ಕಿವಿಗೊಟ್ಟು ನಿಂತರು.

"ಈ ಗಾಡೀನ ಎಷ್ಟು ಜನ ಮುಟ್ಟವ್ರೆ ಸಾರ್?"

"ಮೂರು ಕಡೆ ತೋರ್ಸಿದೀನಿ ಮೇಸ್ತ್ರಿ."

"ಎಲ್ರೂ ಸ್ಕ್ರೂನೇ ತಿರುಗ್ಸವ್ರೆ. ಅದು ಕಡೇ ಕೆಲ್ಸ. ಮೊದ್ಲು ಟ್ಯಾಪೆಟ್, ಆಮೇಲೆ ಕರೆಂಟು, ಆಮೇಲೆ ಗಾಳಿ, ಕಡೇಗೆ ಪೆಟ್ರೋಲು. ನನ್ ಕೈ ನಡುಗ್ತದೆ, ನೀವ್ ಮಾಡಿ, ನಾನ್ ಹೇಳ್ತೀನಿ."

ಅವತ್ತೇ ಒಂದು ನೋಟ್‌ಬುಕ್ ತಂದೆ. ಒಂದು ದಿನಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನು ಬರೆಯುವುದು, ಆಮೇಲೆ ಅದೇ ರಸ್ತೆಯಲ್ಲಿ ಅದೇ ಸಿಗ್ನಲ್‌ವರೆಗೆ ಓಡಿಸಿ ನೋಡುವುದು. ಹೈಸ್ಕೂಲಿನಲ್ಲಿರುವ ಮಗಳು ಬರೆಯುವ ಕೆಲಸ ಹಿಡಿದಳು.

ಮೊದಲನೆಯ ದಿನ, ಯಾವ ಸಿಲಿಂಡರ್ ಸೋತಿದೆ ಅಂತ ಹುಡುಕುವುದು. ಇಂಜಿನ್ ಓಡುತ್ತಿರುವಾಗ ಪ್ಲಗ್ಗಿನ ವೈರ್‌ಗಳನ್ನು ಒಂದೊಂದಾಗಿ ತೆಗೆಯಬೇಕು. ಬರಿಗೈಯಲ್ಲಿ ಮುಟ್ಟಿದರೆ ಒದೆತ ಜೋರು, ದಪ್ಪ ರಬ್ಬರ್ ಹಿಡಿಯ ಇಕ್ಕಳ ಬೇಕು. ತೆಗೆದ ವೈರನ್ನು ಗಾಳಿಯಲ್ಲಿ ಬಿಡಬಾರದು. ಒಂದು ಹಳೇ ಪ್ಲಗ್ ಸಿಕ್ಕಿಸಿ ಅದರ ಮೈ ಇಂಜಿನ್ನಿಗೆ ತಾಗುವಂತೆ ಇಡಬೇಕು, ಇಲ್ಲದಿದ್ದರೆ ಕಾಯಿಲ್ ಮೇಲೆ ಹೊರೆ. ಒಂದು, ಎರಡು, ನಾಲ್ಕನೆಯ ವೈರ್ ತೆಗೆದಾಗ ಇಂಜಿನ್ ಕುಗ್ಗಿತು. ಮೂರನೆಯದನ್ನು ತೆಗೆದಾಗ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅದು ಮೊದಲಿಂದಲೂ ಸರಿಯಾಗಿ ದುಡಿಯುತ್ತಿರಲಿಲ್ಲ.

ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದೆವು. ಮಗಳು ಬರೆದುಕೊಂಡ ಅಂಕಿಗಳು 128, 125, 102, 126. ಮೂರನೆಯದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆವು. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದನ್ನು ತುಂಬಿ ಒತ್ತಡ ಏರಬೇಕು. ಏರಲಿಲ್ಲ. ಹಾಗಾದರೆ ಸೋರಿಕೆ ಸಿಲಿಂಡರಿನ ದಾರಿ ತೆರೆದು ಮುಚ್ಚುವ ವಾಲ್ವ್‌ನಲ್ಲಿ.

ಮರುದಿನ ಬೆಳಿಗ್ಗೆ ತಣ್ಣಗಿರುವ ಇಂಜಿನ್ನಿನಲ್ಲಿ ಟ್ಯಾಪೆಟ್ ಕವರ್ ಬಿಚ್ಚಿದೆ. ಟ್ಯಾಪೆಟ್ ನೋಡುವುದು ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು ನೋಡುವುದು. ಈ ಇಂಜಿನ್ನಿನಲ್ಲಿ ಬೆಂಕಿ ಹತ್ತುವ ಸರದಿ 1-3-4-2. ಒಂದನೆಯದರ ಟ್ಯಾಪೆಟ್ ನೋಡಬೇಕಾದರೆ ನಾಲ್ಕನೆಯದರ ಎರಡೂ ವಾಲ್ವ್ ತೂಗುವ, ಅಂದರೆ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುವ ಜಾಗಕ್ಕೆ ಇಂಜಿನ್ ತಿರುಗಿಸಬೇಕು. ಮೂರನೆಯದಕ್ಕೆ ಎರಡನೆಯದು, ಎರಡನೆಯದಕ್ಕೆ ಮೂರನೆಯದು, ನಾಲ್ಕನೆಯದಕ್ಕೆ ಒಂದನೆಯದು. ಮೂರನೆಯದರ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನಲ್ಲಿ, ಸಂದು ಅಳೆಯುವ ಫೀಲರ್‌ನ ಅತಿ ತೆಳುವಾದ ಎಲೆಯೂ ನುಗ್ಗಲಿಲ್ಲ. ಸಂದೇ ಇರಲಿಲ್ಲ. ಬಿಸಿಯಾದ ಮೇಲೆ ವಾಲ್ವ್ ಉದ್ದವಾಗುತ್ತದೆ, ಸಂದಿಲ್ಲದಿದ್ದರೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಬಿಸಿಯಾದಾಗ ಮಾತ್ರ ನಡುಗುವುದಕ್ಕೆ ಒಂದು ಕಾರಣ ಇಲ್ಲಿತ್ತು. ಟಿಕ್ ಟಿಕ್ ಅನ್ನುವ ಟ್ಯಾಪೆಟ್ ಕಂಡರೆ ಎಲ್ಲರಿಗೂ ಭಯ, ಸದ್ದಿಲ್ಲದ ಟ್ಯಾಪೆಟ್ ಬಗ್ಗೆ ಯಾರಿಗೂ ಚಿಂತೆ ಇಲ್ಲ. ಸದ್ದಿಲ್ಲದ್ದೇ ವಾಲ್ವ್ ಸುಡುವುದು. ಎಂಟನ್ನೂ ಅಳತೆಗೆ ಹಿಡಿದ ಮೇಲೆ ಮೂರನೆಯದು 117ಕ್ಕೆ ಬಂತು. ಸಿಗ್ನಲ್‌ನಲ್ಲಿ ನಡುಕ ಕಡಿಮೆಯಾಯಿತು, ಹೋಗಲಿಲ್ಲ.

ಆಮೇಲೆ ಕರೆಂಟಿನ ಕೆಲಸ. ಡಿಸ್ಟ್ರಿಬ್ಯೂಟರ್‌ಗೆ ನಮ್ಮ ಮೇಸ್ತ್ರಿಯ ಬಾಯಲ್ಲಿ ಡೆಲ್ಕೊ ಅಂತಲೇ ಹೆಸರು. ಅದರ ಮುಚ್ಚಳ ತೆಗೆದು ನೋಡಿದರೆ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್‌ಗಳಲ್ಲಿ ಒಂದರ ಮೇಲೆ ಗುಡ್ಡ, ಇನ್ನೊಂದರ ಮೇಲೆ ಗುಂಡಿ. ಹೊಸ ಪಾಯಿಂಟ್ ಹಾಕಿ ಸುಮಾರು 0.4 ಮಿ.ಮೀ. ಸಂದು ಇಟ್ಟೆ. ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯುವ ಹಳೆಯ ಕಂಡೆನ್ಸರ್ ತೆಗೆದು ಹೊಸದು ಹಾಕಿದೆ. ಅವತ್ತು ಸಂಜೆ ಗಾಡಿ ಮೊದಲಿಗಿಂತ ಕೆಟ್ಟದಾಗಿ ಓಡಿತು. ಬಿಸಿಯಾದ ಮೇಲೆ ರಸ್ತೆಯಲ್ಲೇ ಎರಡು ಸಲ ನಿಂತಿತು. ಒಂದು ದಿನಕ್ಕೆ ಒಂದೇ ಬದಲಾವಣೆ ಎಂಬ ನಿಯಮ ನಾನೇ ಮುರಿದಿದ್ದರಿಂದ ದೋಷ ಪಾಯಿಂಟಿನದೋ ಕಂಡೆನ್ಸರಿನದೋ ಗೊತ್ತಾಗಲಿಲ್ಲ. ಹಳೆಯ ಕಂಡೆನ್ಸರ್ ವಾಪಸ್ ಹಾಕಿದಾಗ ಸರಿಹೋಯಿತು. ಈಗ ಬರುವ ಹೊಸ ಸಾಮಾನುಗಳಲ್ಲಿ ಕೆಲವು ಪೆಟ್ಟಿಗೆಯಿಂದ ತೆಗೆಯುವಾಗಲೇ ಕೆಟ್ಟಿರುತ್ತವೆ. "ಹಳೇದು ಎಸೀಬೇಡಿ" ಅಂತ ಮೇಸ್ತ್ರಿ ಮೊದಲೇ ಹೇಳಿದ್ದರು, ಪುಣ್ಯಕ್ಕೆ ಎಸೆದಿರಲಿಲ್ಲ. ಪದ್ಮಿನಿಯ ಸಾಮಾನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಅಷ್ಟೊಂದು ಟ್ಯಾಕ್ಸಿಗಳಿಗಾಗಿ ಸಾಮಾನು ಮಾಡುತ್ತಿದ್ದವರಿಗೆ ಈಗ ಗಿರಾಕಿ ಎಲ್ಲಿ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಡಿಸ್ಟ್ರಿಬ್ಯೂಟರ್ ಮುಚ್ಚಳ ಮತ್ತು ಅದರೊಳಗೆ ತಿರುಗುವ ರೋಟರ್ ತಂದೆ.

ಮುಚ್ಚಳ ಬೇಕು ಅಂತ ಗೊತ್ತಾದದ್ದು ಮಗಳಿಂದ. ಒಂದು ರಾತ್ರಿ ಶೆಡ್ಡಿನ ದೀಪ ಆರಿಸಿ, ಗಾಡಿ ಸ್ಟಾರ್ಟ್ ಮಾಡಿ, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ವೈರ್‌ಗಳ ಮೇಲೆ ನೀರಿನ ಹನಿ ಹಾರಿಸಿದೆವು. "ಅಪ್ಪಾ, ಅಲ್ಲಿ ನೋಡು!" ಅಂದಳು. ಮುಚ್ಚಳದ ಮೈಮೇಲೆ ಕೂದಲೆಳೆಯಂಥ ನೀಲಿ ಗೆರೆ ಹರಿದಾಡುತ್ತಿತ್ತು, ಎರಡು ವೈರ್‌ಗಳ ಬುಡದಲ್ಲಿ ಚುಕ್ಕಿಯಂಥ ಮಿಂಚು. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಹಗಲಲ್ಲಿ ಎಷ್ಟು ನೋಡಿದ್ದರೂ ಇದು ಕಾಣುತ್ತಿರಲಿಲ್ಲ. ಮುಚ್ಚಳ, ರೋಟರ್, ವೈರ್ ಮೂರೂ ಬದಲಾದ ಮೇಲೆ ನಡುಕ ಅರ್ಧಕ್ಕೆ ಇಳಿಯಿತು.

ಇನ್ನರ್ಧ ಉಳಿಯಿತು. ಈಗ ಚೋಕಿನ ವಿಷಯ ಹೇಳಬೇಕು.

ಸಿಗ್ನಲ್‌ನಲ್ಲಿ ಗಾಡಿ ನಿಲ್ಲುವಂತಾದಾಗ ನಾನು ಚೋಕ್ ಸ್ವಲ್ಪ ಎಳೆದು ಹಿಡಿಯುತ್ತಿದ್ದೆ. ಹಾಗೆ ಎಳೆದರೆ ನಡುಕ ನಿಲ್ಲುತ್ತಿತ್ತು. ಒಂದೂವರೆ ವರ್ಷ ಇದನ್ನು ಒಂದು ಉಪಾಯ ಅಂತ ಬಳಸಿದೆನೇ ಹೊರತು ಗಾಡಿ ಏನನ್ನು ಹೇಳುತ್ತಿದೆ ಅಂತ ಯೋಚಿಸಲಿಲ್ಲ. ಚೋಕ್ ಮಾಡುವುದು ಗಾಳಿಯನ್ನು ತಡೆದು ಪೆಟ್ರೋಲ್ ಪ್ರಮಾಣ ಹೆಚ್ಚಿಸುವ ಕೆಲಸ. ಬಿಸಿ ಇಂಜಿನ್ನಿಗೆ ಚೋಕ್‌ನಿಂದ ಹಿತವಾಗುತ್ತದೆ ಅಂದರೆ, ಆ ಹೊತ್ತಿನಲ್ಲಿ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ಹೆಚ್ಚಾಗಿದೆ ಎಂದರ್ಥ. ಪ್ಲಗ್‌ಗಳೂ ಅದನ್ನೇ ಹೇಳುತ್ತಿದ್ದವು. ಬಿಸ್ಕತ್ತಿನ ಬಣ್ಣಕ್ಕೆ ಬರಬೇಕಾದ ತುದಿಗಳು ನಾಲ್ಕರಲ್ಲೂ ಸುಣ್ಣದಂತೆ ಬಿಳಿ.

ನಿಂತಾಗ ಮಾತ್ರ ಯಾಕೆ, ಓಡುವಾಗ ಯಾಕಿಲ್ಲ ಎಂಬುದಕ್ಕೂ ಇಲ್ಲೇ ಉತ್ತರ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಗಾಳಿಯ ದಾರಿಗೆ ಅಡ್ಡವಿರುವ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಇಂಜಿನ್ ಗಾಳಿಯನ್ನು ಗುಟುಕು ಗುಟುಕಾಗಿ ಎಳೆದುಕೊಳ್ಳುತ್ತಿರುತ್ತದೆ, ಒಳಗಿನ ಎಳೆತ ಆಗ ಜೋರು. ತಟ್ಟೆಯ ಕೆಳಗೆ ಎಲ್ಲೋ ಒಂದು ಉಗುರಿನಷ್ಟು ಸಂದಿದ್ದರೂ ಅಲ್ಲಿಂದ ನುಗ್ಗುವ ಗಾಳಿ ಆ ಗುಟುಕಿನಲ್ಲಿ ದೊಡ್ಡ ಪಾಲು. ಆಕ್ಸಿಲರೇಟರ್ ಒತ್ತಿ ಓಡಿಸುವಾಗ ಹೊಳೆಯಂತೆ ಗಾಳಿ ಬರುತ್ತದೆ, ಆಗ ಆ ಸಂದಿನ ಗಾಳಿ ಲೆಕ್ಕಕ್ಕಿಲ್ಲ.

ಸಂದು ಹುಡುಕಲು ಕೆಲವರು ಪೆಟ್ರೋಲ್ ಚಿಮುಕಿಸುತ್ತಾರೆ. ಪಕ್ಕದಲ್ಲೇ ಕೆಂಡದಂತೆ ಕಾದ ಎಕ್ಸಾಸ್ಟ್ ಇರುವಾಗ ಅದು ಪ್ರಾಣಕ್ಕೇ ಅಪಾಯ, ದಯವಿಟ್ಟು ಮಾಡಬೇಡಿ. ಮೇಸ್ತ್ರಿ ಕೊಟ್ಟದ್ದು ಹೊಲಿಗೆ ಮೆಷಿನ್ನಿಗೆ ಬಿಡುವಂಥ ಸಣ್ಣ ಆಯಿಲ್ ಕ್ಯಾನ್. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಂದೊಂದು ಜೋಡಣೆಯ ಸುತ್ತ ಒಂದೊಂದು ಹನಿ. ಸಂದಿದ್ದರೆ ಆಯಿಲ್ ಒಳಗೆ ಎಳೆದುಕೊಳ್ಳುತ್ತದೆ, ಆ ಕ್ಷಣ ಗಾಳಿಯ ದಾರಿ ಮುಚ್ಚಿ ಇಂಜಿನ್ ಸಮಾಧಾನವಾಗುತ್ತದೆ. ಸಿಲಿಂಡರ್‌ಗಳಿಗೆ ಗಾಳಿ, ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡ್ ಸುತ್ತ ಏನೂ ಆಗಲಿಲ್ಲ. ಕಾರ್ಬೊರೇಟರ್ ಬುಡದ ಒಂದು ಮಗ್ಗುಲಲ್ಲಿ ಹನಿ ಬಿಟ್ಟಾಗ ನಡುಕ ಮೂರು ಎಣಿಸುವಷ್ಟು ಹೊತ್ತು ಪೂರ್ತಿ ನಿಂತಿತು. ಆಮೇಲೆ ಆಯಿಲ್ ಒಳಗೆ ಹೋಗಿ ಮತ್ತೆ ಶುರುವಾಯಿತು. ಆ ಮೂರು ಎಣಿಕೆಯ ಮೌನ ಕೇಳಿ ನನ್ನ ಕಣ್ಣು ಒದ್ದೆಯಾಯಿತು. ಅಪ್ಪನ ಕಾಲದ ಇಂಜಿನ್ ಒಳಗೆ ಇನ್ನೂ ಇದೆ ಅನ್ನಿಸಿತು.

ಸಂತೋಷದಲ್ಲಿ ತಪ್ಪು ಮಾಡಿದೆ. ನಟ್ ಸಡಿಲವಾಗಿರಬೇಕು ಅಂದುಕೊಂಡು ಇನ್ನೂ ಕಾಲು ಸುತ್ತು ಬಿಗಿದೆ. ನಡುಕ ಹೆಚ್ಚಾಯಿತು. ಬಿಗಿದರೆ ಸೋರಿಕೆ ಹೆಚ್ಚುವುದು ಹೇಗೆ? ಆ ರಾತ್ರಿಯೆಲ್ಲ ಇದೇ ಪ್ರಶ್ನೆ.

ಉತ್ತರ ಸಿಕ್ಕಿದ್ದು ಬೇರೆ ಕೆಲಸ ಮಾಡುವಾಗ. ಇಂಜಿನ್ ಒಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಒಂದನ್ನು ತಂದಿದ್ದೆ. ನನ್ನ ಗಾಡಿಯಲ್ಲಿ ಅದರ ಕೊಳವೆ ಸಿಕ್ಕಿಸಲು ಜಾಗ ಕಾಣಲಿಲ್ಲ. ಲೇತ್‌ನವರ ಹತ್ತಿರ ಕಾರ್ಬೊರೇಟರ್ ಬುಡಕ್ಕೆ ಕೂರುವಂಥ ಅಲ್ಯೂಮಿನಿಯಂ ಹಲಗೆ ಮಾಡಿಸಿ, ಅದರ ಪಕ್ಕಕ್ಕೆ ತೂತು ಕೊರೆದು ಹಿತ್ತಾಳೆಯ ಮೂತಿ ಕೂರಿಸಿದೆ. ಸ್ಟಡ್ ಉದ್ದ ಸಾಲದೆ ಬೇರೆ ಹಾಕಬೇಕಾಯಿತು. ಕಾರ್ಬೊರೇಟರ್ ತಂದು ಆ ಹೊಸ ಹಲಗೆಯ ಮೇಲಿಟ್ಟು ಕೈ ಬಿಟ್ಟರೆ ಟಕ್ ಟಕ್ ಎಂದು ಆಡಿತು, ಕಾಲು ಸರಿಯಿಲ್ಲದ ಮಣೆಯ ಹಾಗೆ. ಬೆಳಕಿಗೆ ಹಿಡಿದು ನೋಡಿದೆ. ನಟ್ ಕೂರುವ ಎರಡೂ ಕಿವಿಗಳು ಕೆಳಕ್ಕೆ ಬಾಗಿದ್ದವು, ನಡುವೆ ಬುಡ ಮೇಲಕ್ಕೆದ್ದಿತ್ತು. ಫೀಲರ್‌ನ 0.2 ಮಿ.ಮೀ. ಎಲೆ ಸಲೀಸಾಗಿ ನುಗ್ಗಿತು. ಬಿಗಿದಷ್ಟೂ ಕಿವಿ ಇನ್ನಷ್ಟು ಬಾಗುತ್ತದೆ, ನಡು ಇನ್ನಷ್ಟು ಎದ್ದುಕೊಳ್ಳುತ್ತದೆ. ವರ್ಷಗಟ್ಟಲೆ ಉದ್ದ ಪಾನಾಗಳು ಹಲ್ಲು ಕಚ್ಚಿ ಬಿಗಿದ ಫಲ. ಅದನ್ನು ಮುಚ್ಚಲು ಯಾರೋ ಎರಡು ಪ್ಯಾಕಿಂಗ್ ಒಂದರ ಮೇಲೊಂದು ಇಟ್ಟು ಗಮ್ ಮೆತ್ತಿದ್ದರು. ಬಿಸಿಗೆ ಗಮ್ ಬಿರುಕುಬಿಟ್ಟಿತ್ತು.

ಮುಂದಿನ ಕೆಲಸ ತಾಳ್ಮೆಯದು, ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದೂ ಅದೇ. ಕಿಟಕಿಯ ದಪ್ಪ ಗಾಜಿನ ತುಂಡು, ಅದರ ಮೇಲೆ ನೀರಲ್ಲಿ ನೆನೆಸಿದ ಎಮರಿ ಕಾಗದ, ಮೊದಲು 220 ನಂಬರ್, ಆಮೇಲೆ 400. ಕಾರ್ಬೊರೇಟರಿನ ಬುಡದ ಭಾಗವನ್ನು ಬಿಚ್ಚಿಕೊಂಡು, ಅದರ ಮೇಲೆ ಒತ್ತಡ ಹಾಕದೆ, ಇಂಗ್ಲಿಷಿನ 8 ಬರೆದಂತೆ ಸುತ್ತಿ ಸುತ್ತಿ ಉಜ್ಜುವುದು. ಮೊದಲು ಕಿವಿಗಳ ತುದಿ ಮಾತ್ರ ಹೊಳೆಯಿತು. ಒಂದು ಗಂಟೆಯ ಮೇಲೆ ಹೊಳಪು ಒಳಗೆ ಸರಿಯಿತು. ಎರಡು ಗಂಟೆಗೆ ಇಡೀ ಬುಡ ಒಂದೇ ಬಣ್ಣ. ಗಾಜಿನ ಮೇಲಿಟ್ಟರೆ ಅಲುಗಲಿಲ್ಲ. ಥ್ರಾಟಲ್ ಕಡ್ಡಿ ಹಾಯುವ ತೂತೂ ಸವೆದು ಅಗಲವಾಗಿತ್ತು, ಅದಕ್ಕೆ ಲೇತ್‌ನಲ್ಲಿ ಹಿತ್ತಾಳೆ ಬುಷ್ ಹಾಕಿಸಿದೆ. ಪ್ಯಾಕಿಂಗ್ ಶೀಟನ್ನು ಬುಡದ ಮೇಲಿಟ್ಟು ಅಂಚಿನ ಗುಂಟ ಸಣ್ಣ ಸುತ್ತಿಗೆಯಿಂದ ತಟ್ಟಿ ಒಂದೇ ಒಂದು ಪ್ಯಾಕಿಂಗ್ ಕತ್ತರಿಸಿದೆ. ಗಮ್ ಹಾಕಲಿಲ್ಲ.

ಬಿಗಿಯುವಾಗ ಮೇಸ್ತ್ರಿ ತಮ್ಮ ಪೆಟ್ಟಿಗೆಯಿಂದ ಒಂದು ಪಾನಾ ತೆಗೆದುಕೊಟ್ಟರು. ಅರ್ಧಕ್ಕೆ ಕತ್ತರಿಸಿ ತುದಿ ಉಜ್ಜಿ ನಯ ಮಾಡಿದ್ದು, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. "ಇದರಲ್ಲಿ ಎಷ್ಟು ಬಿಗೀತದೋ ಅಷ್ಟೇ. ಉದ್ದ ಪಾನಾ ಇದ್ರೆ ಕೈ ಸುಮ್ನಿರಲ್ಲ."

ಗಾಡಿ ಸ್ಟಾರ್ಟ್ ಮಾಡಿದೆವು. ಬುಡ ಉಜ್ಜುವ ಮೊದಲು ಆ ಹಲಗೆ ಕೂರಿಸಿ ಗೇಜ್ ನೋಡಿದ್ದಾಗ ಮುಳ್ಳು, ಪಾದರಸದ ಲೆಕ್ಕದಲ್ಲಿ, 10ರಿಂದ 13 ಇಂಚಿನ ನಡುವೆ ತೂಗಾಡುತ್ತಿತ್ತು. ಈಗ ಹದಿನೈದರ ಹತ್ತಿರ ಬಂದು, ಆಗೊಮ್ಮೆ ಈಗೊಮ್ಮೆ ಮಾತ್ರ ತಟಕ್ಕನೆ ಕೆಳಗಿಳಿದು ಮೇಲೇಳುತ್ತಿತ್ತು. ಗೇಜಿನ ಪುಸ್ತಕಗಳಲ್ಲಿ 17ರಿಂದ 21 ಇರಬೇಕು ಅಂತ ಇರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ಮೈಸೂರು ಸುಮಾರು 2500 ಅಡಿ ಎತ್ತರದಲ್ಲಿದೆ, ಬೆಂಗಳೂರು ಸುಮಾರು 3000. ನಮ್ಮ ಕಡೆಯ ಎಷ್ಟೋ ಒಳ್ಳೆಯ ಇಂಜಿನ್‌ಗಳನ್ನು ಈ ಲೆಕ್ಕ ಬಿಟ್ಟು ಕೆಟ್ಟವು ಅಂತ ತೀರ್ಮಾನಿಸಿರಬಹುದು.

ಉಳಿದಿದ್ದ ಆ ತಟಕ್ಕಿನ ಕಾರಣ ಪೆಟ್ರೋಲಿನಲ್ಲಿ. ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ತೂತಿನಲ್ಲಿ ಕಪ್ಪು ಎಳೆಯೊಂದು ಸಿಕ್ಕಿತ್ತು. ಜೆಟ್ ಮೇಲಿನ ಅಂಕಿ ತೂತಿನ ಅಳತೆ, 50 ಎಂದಿದ್ದರೆ 0.50 ಮಿ.ಮೀ. ಅಷ್ಟು ಸಣ್ಣ ದಾರಿಗೆ ಒಂದು ಎಳೆ ಸಾಕು. ತಂತಿ ಹಾಕಿ ಚುಚ್ಚಬಾರದು, ತೂತು ದೊಡ್ಡದಾಗಿಬಿಡುತ್ತದೆ. ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದಿಸಿದೆ. ಆ ಎಳೆ ಬಂದದ್ದು ಪೆಟ್ರೋಲ್ ಪೈಪಿನಿಂದ. ಪೈಪನ್ನು ಉದ್ದಕ್ಕೆ ಸೀಳಿದರೆ ಒಳಗಿನ ರಬ್ಬರ್ ಮೆತ್ತಗಾಗಿ ಚಕ್ಕೆ ಏಳುತ್ತಿತ್ತು. 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ನಮ್ಮ ಗಾಡಿಗಳ ಕಾಲದ ರಬ್ಬರ್ ಎಥನಾಲ್‌ಗೆ ಮಾಡಿದ್ದಲ್ಲ. ಪಂಪಿನಿಂದ ಕಾರ್ಬೊರೇಟರ್‌ವರೆಗೆ ಎಥನಾಲ್ ತಾಳುವ ಪೈಪ್ ಹಾಕಿ, ನಡುವೆ ಒಂದು ಫಿಲ್ಟರ್ ಕೂರಿಸಿದೆ.

ಎಥನಾಲ್‌ನ ಇನ್ನೊಂದು ಪರಿಣಾಮವನ್ನೂ ಹಳೇ ಗಾಡಿಯವರು ತಿಳಿದಿರಬೇಕು. ಒಂದು ಪಾಲು ಪೆಟ್ರೋಲ್ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಈಗಿನ ಮಿಶ್ರಣಕ್ಕೆ ಸುಮಾರು 13.5. ಹೊಸ ಕಾರುಗಳಲ್ಲಿ ಸೆನ್ಸರ್ ಇದನ್ನು ಸರಿದೂಗಿಸುತ್ತದೆ. ನಮ್ಮ ಸೋಲೆಕ್ಸ್ ಕಾರ್ಬೊರೇಟರ್‌ಗೆ ಅದು ಗೊತ್ತಾಗುವುದಿಲ್ಲ, ಹಳೆಯ ಅಳತೆಯಲ್ಲೇ ಕೊಡುತ್ತದೆ. ಗಾಳಿ ಸೋರಿಕೆಯಿಂದ ಮೊದಲೇ ಹಸಿದಿದ್ದ ಇಂಜಿನ್ ಇದರಿಂದ ಇನ್ನಷ್ಟು ಹಸಿದಿತ್ತು.

ಕಡೆಗೆ ಸ್ಕ್ರೂ. ನಾಲ್ಕು ಸುತ್ತು ಹೊರಗಿದ್ದ ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ಹಗುರವಾಗಿ ತಾಗಿಸಿ ಒಂದೂವರೆ ಸುತ್ತು ಹೊರಗೆ ತಂದೆ. ಚಾಮುಂಡಿ ಬೆಟ್ಟ ಹತ್ತಿ ಇಳಿದು ಇಂಜಿನ್ ಚೆನ್ನಾಗಿ ಕಾದ ಮೇಲೆ, ಸ್ಕ್ರೂ ಒಳಗೆ ತಿರುಗಿಸುತ್ತಾ ಇಂಜಿನ್ ಎಡವುವ ಜಾಗ ನೋಡಿಕೊಂಡು, ಹೊರಗೆ ತಿರುಗಿಸುತ್ತಾ ಗೇಜಿನ ಮುಳ್ಳು ಎಲ್ಲಿ ಅತಿ ಮೇಲೆ ಹೋಗಿ ನಿಲ್ಲುತ್ತದೋ ಅಲ್ಲಿ ಬಿಟ್ಟೆ. ಸ್ಲೋ ಸ್ಕ್ರೂ ಇಳಿಸಿದೆ. ಮತ್ತೆ ಮಿಕ್ಸ್ಚರ್, ಮತ್ತೆ ಸ್ಲೋ. ಹೀಗೆ ಮೂರು ಸಲ ಮಾಡಿದ ಮೇಲೆ ಇನ್ನು ತಿರುಗಿಸಲು ಏನೂ ಉಳಿಯಲಿಲ್ಲ. ಮಿಕ್ಸ್ಚರ್ ಸ್ಕ್ರೂ ನಿಂತದ್ದು ಎರಡು ಸುತ್ತಿಗೆ ಕಾಲು ಕಡಿಮೆ. ಮುಳ್ಳು 16ರ ಮೇಲೆ ನಿಂತಿತು. ಮಗಳು ಹಳೆಯ ದಪ್ಪ ಐದು ರೂಪಾಯಿ ನಾಣ್ಯ ತಂದು ಟ್ಯಾಪೆಟ್ ಕವರ್ ಮೇಲೆ ಅಂಚಿನಲ್ಲಿ ನಿಲ್ಲಿಸಿದಳು. ಎರಡು ಸಲ ಬಿತ್ತು. ಮೂರನೆಯ ಸಲ ನಿಂತಿತು. ಅವಳು ಹನ್ನೊಂದರವರೆಗೆ ಎಣಿಸಿದಳು.

ಮೇಸ್ತ್ರಿ ಹೇಳಿದಂತೆ ಗೇಜಿನ ಹಲಗೆ ತೆಗೆದುಬಿಟ್ಟೆ. ಒಂದು ಜೋಡಣೆ ಹೆಚ್ಚಿದ್ದರೆ ಗಾಳಿಗೆ ಒಂದು ದಾರಿ ಹೆಚ್ಚು. ಹಳೆಯ ಸ್ಟಡ್ ವಾಪಸ್ ಹಾಕಿ, ಅದೇ ಗಿಡ್ಡ ಪಾನಾದಲ್ಲಿ ಎರಡೂ ಕಡೆ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ.

ಮೂರನೆಯ ಸಿಲಿಂಡರ್ ಇನ್ನೂ 117ರಲ್ಲೇ ಇದೆ. ಆ ಎಕ್ಸಾಸ್ಟ್ ವಾಲ್ವ್‌ನ ಅಂಚು ಸ್ವಲ್ಪ ಸುಟ್ಟಿರಬೇಕು. ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ಟ್ಯಾಪೆಟ್ ನೋಡಿ, ಸಂದು ಮತ್ತೆ ಮುಚ್ಚಿಕೊಂಡಿದ್ದರೆ ದಸರಾ ಕಳೆದ ಮೇಲೆ ಹೆಡ್ ಬಿಚ್ಚುವುದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ. ಕಳೆದ ಶುಕ್ರವಾರ ರಾಮಸ್ವಾಮಿ ಸರ್ಕಲ್‌ನಲ್ಲಿ ಕೆಂಪು ದೀಪ ಬಿದ್ದಾಗ ಅಮ್ಮ ಎಂದಿನಂತೆ ಎದುರಿನ ಹಿಡಿಗೆ ಕೈ ಹಾಕಿದರು, ಸ್ವಲ್ಪ ಹೊತ್ತಾದ ಮೇಲೆ ಕೈ ತೆಗೆದು ಮಡಿಲಲ್ಲಿದ್ದ ಹೂವಿನ ಪೊಟ್ಟಣ ಸರಿಮಾಡಿಕೊಂಡರು. ಗಿಡ್ಡ ಪಾನಾ ಗ್ಲೋವ್ ಬಾಕ್ಸಿನಲ್ಲಿದೆ. ವಾಪಸ್ ಕೊಡಲು ಹೋದರೆ ಮೇಸ್ತ್ರಿ ತೆಗೆದುಕೊಳ್ಳಲಿಲ್ಲ.